ಬ್ರೊಕೋಲಿ ಸಲಾಡ್‌ಗೆ ಮೊಸರೇ ಸಾಕು

ಮೊಬೈಲ್ ವೀಡಿಯೋ ನೋಡಿಯೋ, ಗಲ್ಫ್‌ನಿಂದ ರಜೆಗೆ ಬಂದವರಿಂದ ಕಲಿತೋ, ಬ್ರೊಕೋಲಿ ಸಲಾಡ್ ಈಗ ನಮ್ಮ ಮನೆಗಳ ಸುಪ್ರಕ್ಕೂ ಬಂದಿದೆ. ಈ ಸೆಕೆಗೆ ಬಿರಿಯಾನಿಯ ಪಕ್ಕದಲ್ಲಿ ತಣ್ಣಗಿನ ಹಸಿರು ತರಕಾರಿ ಇರುವುದು ಒಳ್ಳೆಯದೇ. ನಮ್ಮ ತಕರಾರು ಇರುವುದು ಅದಕ್ಕೆ ಬೆರೆಸುವ ಮಯೊನೈಸ್ ಬಗ್ಗೆ.

ಮನೆಯ ಮಿಕ್ಸಿಯಲ್ಲಿ ಮಾಡುವ ಮಯೊನೈಸ್ ಅಂದರೆ ಹಸಿ ಮೊಟ್ಟೆ ಮತ್ತು ಎಣ್ಣೆ. ಬೇಯಿಸದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಸೆಕೆಗೆ ಅದು ಬೇಗ ಹೆಚ್ಚುತ್ತದೆ. ಹಸಿ ಮೊಟ್ಟೆಯ ಮಯೊನೈಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ ನಿಷೇಧಿಸಿದವು. ಹೋಟೆಲಿನವರನ್ನು ಕೇಳಲು ಅಧಿಕಾರಿಗಳಿದ್ದಾರೆ. ನಮ್ಮ ಅಡುಗೆಮನೆಯಲ್ಲಿ ಕೇಳುವವರು ಯಾರು? ನಾವೇ ಜಾಗ್ರತೆ ಮಾಡಬೇಕು. ಸಣ್ಣ ಮಕ್ಕಳು, ಬಸುರಿಯರು, ವಯಸ್ಸಾದವರು ಒಟ್ಟಿಗೆ ಕೂತು ಉಣ್ಣುವ ಮನೆಗಳು ನಮ್ಮವು. ಅಂಗಡಿಯ ಬಾಟಲಿಯದ್ದರಲ್ಲಿ ಈ ಭಯ ಕಡಿಮೆ, ಆದರೆ ಎಣ್ಣೆಯೇ ಜಾಸ್ತಿ.

ಮೊಸರಿನಿಂದಲೂ ಅದೇ ಗಟ್ಟಿತನ ಬರುತ್ತದೆ. ಒಂದು ಬ್ರೊಕೋಲಿಗೆ ಎರಡು ಕಪ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲೇ ಎರಡು ಗಂಟೆ ನೀರು ಬಸಿಯಿರಿ. ಬ್ರೊಕೋಲಿಯನ್ನು ಬಿಡಿಸಿ, ಉಪ್ಪುನೀರಿನಲ್ಲಿ ನೆನೆಸಿ ತೊಳೆಯಿರಿ. ಕುದಿಯುವ ನೀರಿನಲ್ಲಿ 2 ನಿಮಿಷ ಇಟ್ಟು, ಕೂಡಲೇ ತಣ್ಣೀರಿಗೆ ಹಾಕಿದರೆ ಹಸಿರು ಬಣ್ಣ ಉಳಿಯುತ್ತದೆ. ನೀರು ಪೂರಾ ಆರಿದ ಮೇಲೆ ಮೊಸರು, ಉಪ್ಪು, ಕರಿಮೆಣಸಿನ ಪುಡಿ, ಲಿಂಬೆರಸ, ಹೆಚ್ಚಿದ ನೀರುಳ್ಳಿ, ಒಣದ್ರಾಕ್ಷಿ, ಹುರಿದ ಗೇರುಬೀಜ ಸೇರಿಸಿ. ಬ್ರೊಕೋಲಿ ದುಬಾರಿಯಾದರೆ ಹೂಕೋಸು ಕೂಡ ಆಗುತ್ತದೆ.

ಬಡಿಸುವ ಹೊತ್ತಿಗೆ ಮಾತ್ರ ಫ್ರಿಜ್‌ನಿಂದ ತೆಗೆಯಿರಿ. ಈ ಬಿಸಿಲಿಗೆ ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದದ್ದನ್ನು ರಾತ್ರಿಗೆಂದು ಎತ್ತಿಡಬೇಡಿ. ಹಾಗಾಗಿ ಬೇಕಾದಷ್ಟೇ ಮಾಡಿ. ಕಡಿಮೆ ಬಿದ್ದರೂ ತೊಂದರೆಯಿಲ್ಲ, ಉಂಡವರ ಹೊಟ್ಟೆ ಕೆಡಬಾರದು.