ಹೊಗೆ ಚೀಟಿಯ ಮೂರೂವರೆ ದಶಕ

1989ರ ಜುಲೈ 1ರಂದು ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂತು. ಅಲ್ಲಿಯವರೆಗೆ ನಮ್ಮ ಗಾಡಿಗಳ ಹಣೆಯ ಮೇಲೆ ಎಂವೈ, ಸಿಎ ಅಕ್ಷರಗಳಿದ್ದವು. ಆಮೇಲೆ ಕೆಎ ಬಂತು. ಕೆಎ-09 ಮೈಸೂರು, ಕೆಎ-19 ಮಂಗಳೂರು, ಕೆಎ-25 ಧಾರವಾಡ ಎಂದು ಬಸ್ಸಿನ ಕಿಟಕಿಯಲ್ಲಿ ಕೂತು ಎದುರಿನ ಗಾಡಿಯ ಊರು ಹೇಳುವ ಆಟವನ್ನು ಒಂದು ತಲೆಮಾರೇ ಆಡಿ ಬೆಳೆಯಿತು. ಅದೇ ವರ್ಷದ ಕೇಂದ್ರ ನಿಯಮಾವಳಿಯ 115ನೇ ನಿಯಮದಲ್ಲಿ ಹೊಗೆಯ ಮಾತೂ ಇತ್ತು. ಅದರಂತೆ ನೋಂದಣಿಯಾಗಿ ವರ್ಷ ತುಂಬಿದ ಗಾಡಿ ಎಮಿಷನ್ ಟೆಸ್ಟ್ ಚೀಟಿ ಇಟ್ಟುಕೊಂಡೇ ರಸ್ತೆಗಿಳಿಯಬೇಕು.

ನಂಬರ್ ಮತ್ತು ಹೊಗೆ, ಎರಡೂ ಒಂದೇ ಕಾಯ್ದೆಯ ಮಕ್ಕಳು. ಸರ್ಕಾರ ಮುದ್ದು ಮಾಡಿದ್ದು ಮಾತ್ರ ಮೊದಲನೆಯದನ್ನು.

ನಂಬರಿನ ಕಡೆ ನಡೆದದ್ದನ್ನು ನೋಡಿ. ಗಾಡಿ ಕೊಳ್ಳುವಾಗಲೇ ಲೈಫ್ ಟ್ಯಾಕ್ಸ್ ಕಟ್ಟಿಸಿಕೊಳ್ಳುವುದರಲ್ಲಿ ಕರ್ನಾಟಕ ದೇಶದ ದುಬಾರಿ ರಾಜ್ಯಗಳ ಸಾಲಿನಲ್ಲಿದೆ. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು ಕೇಂದ್ರ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಹೊಸ ಭದ್ರತಾ ನಂಬರ್ ಪ್ಲೇಟ್ ಹಾಕಿಸಬೇಕು ಎಂದು ರಾಜ್ಯ 2023ರಲ್ಲಿ ಆದೇಶಿಸಿತು. ಆ ಪಟ್ಟಿಯಲ್ಲಿದ್ದದ್ದು ಸುಮಾರು ಎರಡು ಕೋಟಿ ಗಾಡಿ. ಕೊನೆಯ ದಿನ ಆ ವರ್ಷದ ನವೆಂಬರ್ 17 ಎಂದರು, ಆಮೇಲೆ ಫೆಬ್ರುವರಿ 17, ಆಮೇಲೆ ಮೇ 31. ಅದೂ ಕೊನೆಯದಾಗಲಿಲ್ಲ. ಸರತಿಯಲ್ಲಿ ನಿಂತು ಮೊದಲೇ ಹಾಕಿಸಿಕೊಂಡವರು ಪೆದ್ದರಾದರು ಅಷ್ಟೆ.

ಹೊಗೆಯ ಕಡೆ ಇಷ್ಟು ಗಡಿಬಿಡಿ ಎಂದೂ ಕಾಣಲಿಲ್ಲ. ಚೀಟಿ ಇಲ್ಲದಿದ್ದರೆ ವಿಮೆ ನವೀಕರಿಸಬೇಡಿ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಬೇಕಾಯಿತು. ಅದರಿಂದ ಚೀಟಿ ಮಾಡಿಸುವವರು ಹೆಚ್ಚುವುದಕ್ಕಿಂತ ವಿಮೆ ಇಲ್ಲದ ಗಾಡಿಗಳೇ ಹೆಚ್ಚಿದರೆ ಅಪಘಾತಕ್ಕೆ ಸಿಕ್ಕವರ ಗತಿಯೇನು ಎಂಬ ಪ್ರಶ್ನೆ ಎದ್ದು, 2024ರ ಜುಲೈನಲ್ಲಿ ಕೋರ್ಟೇ ಆ ಷರತ್ತನ್ನು ತೆಗೆದುಹಾಕಿತು. ಕಾಯ್ದೆಯ 2019ರ ತಿದ್ದುಪಡಿ ಚೀಟಿ ಇಲ್ಲದ ಗಾಡಿಯ ದಂಡವನ್ನು ಹತ್ತು ಸಾವಿರದವರೆಗೆ ಒಯ್ದಿತ್ತು. ಜನ ಕೂಗಿದರು, ರಾಜ್ಯ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳನ್ನು ಇಳಿಸಿತು.

ದಂಡಕ್ಕಿಂತ ದೊಡ್ಡ ಪ್ರಶ್ನೆ ಪರೀಕ್ಷೆಯದು. ಪೆಟ್ರೋಲ್ ಗಾಡಿಯಲ್ಲಿ ನೋಡುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್, ಅದೂ ಮುಖ್ಯವಾಗಿ ನಿಂತಲ್ಲೇ ಇಂಜಿನ್ ಓಡುವಾಗ. ಡೀಸೆಲ್ ಗಾಡಿಯಾದರೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ದಟ್ಟವಾಗಿದೆ ಎಂದು ಅಳೆಯುತ್ತಾರೆ. ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣಗಳ ಲೆಕ್ಕ ಇದರಲ್ಲಿಲ್ಲ. ನೈಟ್ರೋಜನ್ ಆಕ್ಸೈಡುಗಳೂ ಇಲ್ಲ. ಕಾರ್ಬ್ಯುರೇಟರ್ ಕಾಲದ ಗಾಡಿಗೆ ಇದು ತಕ್ಕ ಪರೀಕ್ಷೆಯೇ ಆಗಿತ್ತು: ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗಿಸಿದರೆ ಹೊಗೆ ಇಳಿಯುತ್ತಿತ್ತು. ಇಂದಿನ ಡೀಸೆಲ್ ಕಾರಿನ ಹೊಗೆ ಸೋಸುವ ಫಿಲ್ಟರೇ ಒಡೆದಿದ್ದರೂ ಈ ಹಳೆಯ ಅಳತೆಗೆ ಅದು ಸಿಗದೆ ಹೋಗಬಹುದು. ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ 2022-23ರಲ್ಲೇ ಕಣ ಎಣಿಸುವ ಯಂತ್ರವನ್ನು ತಪಾಸಣೆಗೆ ತಂದವು.

ಇನ್ನು ಇರುವ ಪರೀಕ್ಷೆಯನ್ನಾದರೂ ನೆಟ್ಟಗೆ ಮಾಡುತ್ತಾರೆಯೇ? ಈ ಲೇಖಕನ ಹಳೆಯ ಸ್ಕೂಟರನ್ನು ರಸ್ತೆ ಬದಿಯ ಓಮ್ನಿ ವ್ಯಾನಿನ ಮುಂದೆ ನಿಲ್ಲಿಸಿದಾಗ ಹುಡುಗ ಕೊಳವೆಯನ್ನು ಸೈಲೆನ್ಸರಿನ ಬಾಯಿಗೆ ತೋರಿಸಿದ, ನಂಬರ್ ಪ್ಲೇಟಿನ ಫೋಟೊ ಹೊಡೆದ, ಚೀಟಿ ಕೊಟ್ಟ. ಇಂಜಿನ್ ಸ್ಟಾರ್ಟ್ ಆಗಿರಲಿಲ್ಲ. 2021ರಿಂದ ಚೀಟಿಯ ಮೇಲೆ ಕ್ಯೂಆರ್ ಕೋಡ್ ಬಂದಿದೆ, ದೇಶಕ್ಕೆಲ್ಲ ಒಂದೇ ನಮೂನೆ ಆಗಿದೆ. ಚೀಟಿ ಅಸಲಿ ಎಂದು ಕೋಡ್ ಹೇಳೀತು, ಹೊಗೆ ಅಸಲಿ ಎಂದು ಹೇಳಲಾರದು.

ಹಾಗಾದರೆ ಮೂವತ್ತೈದು ವರ್ಷದಲ್ಲಿ ಏನೂ ಆಗಲಿಲ್ಲವೇ? ಆಯಿತು, ಆದರೆ ಚೀಟಿಯಿಂದಲ್ಲ. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ಹೋಯಿತು. ಟೂ-ಸ್ಟ್ರೋಕ್ ಆಟೋಗಳ ನೀಲಿ ಹೊಗೆ ನಗರದಲ್ಲಿ ಕರಗುತ್ತ ಬಂತು. 2017ರಲ್ಲಿ ಹೊಸ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-4 ಮಾನದಂಡ ಇಡೀ ದೇಶಕ್ಕೆ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್-5ನ್ನು ದಾಟಿ ನೇರ ಬಿಎಸ್-6. ಇಂಧನದಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಇವೆಲ್ಲ ಎಣ್ಣೆ ಶುದ್ಧೀಕರಣ ಘಟಕದಲ್ಲಿ, ಗಾಡಿ ಕಾರ್ಖಾನೆಯಲ್ಲಿ ಆದ ಬದಲಾವಣೆ. ರಸ್ತೆಗಿಳಿದ ಮೇಲಿನ ತಪಾಸಣೆಗೆ ಇದರಲ್ಲಿ ಹೆಚ್ಚಿನ ಪಾಲು ಸಲ್ಲದು.

ಬೆಂಗಳೂರೊಂದರಲ್ಲೇ ಗಾಡಿಗಳು ಕೋಟಿ ದಾಟಿವೆ. ನಂಬರ್ ಪ್ಲೇಟಿಗೆ ತೋರಿಸಿದ ಹಟದ ಕಾಲು ಭಾಗವನ್ನು ಸಾರಿಗೆ ಇಲಾಖೆ ತಪಾಸಣಾ ವ್ಯಾನುಗಳ ಮೇಲೆ ತೋರಿಸಲಿ: ತಿಳಿಸದೆ ಬಂದು ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ನೋಡಲಿ. ಅಲ್ಲಿಯವರೆಗೆ ಆ ಕೆಲಸ ಓದುಗರದೇ. ಮುಂದಿನ ಸಲ ಎಮಿಷನ್ ಟೆಸ್ಟ್‌ಗೆ ನಿಂತಾಗ, ಇಂಜಿನ್ ಸ್ಟಾರ್ಟ್ ಮಾಡಿ ಕೊಳವೆಯನ್ನು ಪೂರ್ತಿ ಒಳಗೆ ಹಾಕಲು ಹುಡುಗನಿಗೆ ಹೇಳಿ.