ಕಾಯುವುದೆಲ್ಲವೂ ಸಹನೆಯಲ್ಲ

“ಇವನ ತಂದೆಯೂ ತಡವಾಗಿಯೇ ಮಾತು ಕಲಿತದ್ದು. ತಾನಾಗಿ ಬರುತ್ತದೆ, ಸ್ವಲ್ಪ ಸಬ್ರ್ ಇರಲಿ.” ಎರಡು ವರ್ಷ ತುಂಬಿದರೂ ಮಾತನಾಡದ ಮಗುವಿನ ತಾಯಿಗೆ ಹಿರಿಯರಿಂದ ದೊರೆಯುವ ಸಾಂತ್ವನವಿದು. ಕೆಲವೊಮ್ಮೆ ಇದು ನಿಜವೂ ಆಗುತ್ತದೆ. ಆದರೆ ಯಾವ ಮಗು ತಾನಾಗಿ ಮಾತು ಕಲಿಯುತ್ತದೆ, ಯಾವ ಮಗುವಿಗೆ ನೆರವು ಬೇಕು ಎಂಬುದನ್ನು ಜಗಲಿಯಲ್ಲಿ ಕುಳಿತು ನಿರ್ಣಯಿಸಲಾಗದು.

ವರ್ಷ ತುಂಬುವ ಆಸುಪಾಸಿನಲ್ಲಿ ಮಗು ಹೆಸರು ಕರೆದರೆ ತಿರುಗುತ್ತದೆ, ಒಂದೆರಡು ಪದಗಳನ್ನು ಆಡುತ್ತದೆ. ಎರಡು ವರ್ಷವಾಗುವಾಗ “ಉಮ್ಮಾ ಬಾ” ಎಂಬಂತೆ ಎರಡು ಪದಗಳನ್ನು ಜೋಡಿಸುತ್ತದೆ. ಇವು ಕಾಣದಿದ್ದರೆ ಮೊದಲು ಪರೀಕ್ಷಿಸಬೇಕಾದುದು ನಾಲಗೆಯನ್ನಲ್ಲ, ಕಿವಿಯನ್ನು. ಬಾಗಿಲು ಬಡಿದ ಸದ್ದಿಗೆ ತಿರುಗುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು. ಕೇಳದ ಮಾತನ್ನು ಅದು ಆಡುವುದಾದರೂ ಹೇಗೆ?

ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಹೊರಗೆ ಕನ್ನಡ. ಇದರಿಂದಲೇ ಮಗುವಿಗೆ ಗೊಂದಲ ಎನ್ನುವವರಿದ್ದಾರೆ. ಇದು ತಪ್ಪು ತಿಳುವಳಿಕೆ. ಹಲವು ಭಾಷೆಗಳನ್ನು ಕೇಳುವುದರಿಂದ ಮಾತಿನ ತೊಂದರೆ ಉಂಟಾಗುವುದಿಲ್ಲ. ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸಬೇಕು, ಅಷ್ಟೆ. ಮನೆಮಾತನ್ನು ಬಿಡಿಸಿದರೆ ಮಗು ಕಳೆದುಕೊಳ್ಳುವುದು ಅಜ್ಜಿಯೊಂದಿಗಿನ ಸಂಭಾಷಣೆಯನ್ನು.

ಇನ್ನೊಂದು ಅನ್ಯಾಯವೂ ನಡೆಯುತ್ತದೆ. ದೋಷವೆಲ್ಲ ತಾಯಿಯ ತಲೆಗೆ. ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್ ಬೇಡವೆಂಬುದು ಸರಿ; ಪರದೆ ಮಾತನಾಡುತ್ತದೆಯೇ ಹೊರತು ಮಗುವಿನ ತೊದಲಿಗೆ ಉತ್ತರಿಸುವುದಿಲ್ಲ. ಆದರೆ ಮಗುವಿನೊಡನೆ ಮಾತನಾಡುವ ಹೊಣೆ ತಂದೆಗೂ ಇದೆ. ಊಟದ ಹೊತ್ತಿನಲ್ಲಿ, ಸ್ನಾನದ ಹೊತ್ತಿನಲ್ಲಿ ಮಾಡುತ್ತಿರುವುದನ್ನೇ ಹೇಳಿ, ಉತ್ತರಕ್ಕಾಗಿ ಒಂದು ಕ್ಷಣ ಕಾಯಲು ಖರ್ಚೇನೂ ಇಲ್ಲ.

ಪರೀಕ್ಷೆಗೂ ದಾರಿಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ಉಚಿತ ತಪಾಸಣೆ ನಡೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದಶಕಗಳಿಂದ ಇದೇ ಸೇವೆಯಲ್ಲಿದೆ. ಮಕ್ಕಳ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಕೇಳುವುದು ಮೊದಲ ಹೆಜ್ಜೆ. ಎಲ್ಲವೂ ಸರಿಯಿದೆಯೆಂದು ತಿಳಿದರೆ ನಷ್ಟವೇನು? ತೊಂದರೆ ಇದ್ದರೆ, ಬೇಗ ಆರಂಭವಾದ ನೆರವಿನಿಂದಲೇ ಹೆಚ್ಚು ಪ್ರಯೋಜನ.

ಪ್ರಯತ್ನವನ್ನು ಕೈಬಿಟ್ಟು ಕುಳಿತುಕೊಳ್ಳುವುದಕ್ಕೆ ಸಬ್ರ್ ಎನ್ನುವುದಿಲ್ಲ. ಚಿಕಿತ್ಸೆಯ ದೀರ್ಘ ತಿಂಗಳುಗಳಲ್ಲಿ, ಒಂದೊಂದೇ ಪದಕ್ಕಾಗಿ ಕಾಯುವಾಗ ಬೇಕಾಗುವುದೇ ನಿಜವಾದ ಸಬ್ರ್. ಮಗು ನಮಗೆ ಒಪ್ಪಿಸಲ್ಪಟ್ಟ ಅಮಾನತ್ತು. ಅದು ಬಾಯಿ ಬಿಟ್ಟು ಕೇಳಲಾರದ ನೆರವನ್ನು ನಾವೇ ಅರಿತು ನೀಡಬೇಕು.