ಅಕ್ಕಿ ತೊಳೆದ ನೀರಿನಲ್ಲಿ ಹೋಗುವುದೇನು?

ಅಕ್ಕಿ ತೊಳೆಯುವುದನ್ನೂ ಪತ್ರಿಕೆ ಓದಿ ಕಲಿಯಬೇಕೆ ಎಂದು ಗೃಹಿಣಿಯರು ನಕ್ಕರೆ ಆಶ್ಚರ್ಯವಿಲ್ಲ. ದಿನವೂ ಒಲೆಯ ಮೇಲೇರುವ ವಸ್ತು; ಕೈಗೆ ಅಭ್ಯಾಸವಾದ ಕೆಲಸ. ಆದರೆ ಅಭ್ಯಾಸವಾದ ಕೆಲಸದಲ್ಲಿಯೇ ಲಾಭನಷ್ಟಗಳ ಲೆಕ್ಕ ಮರೆತುಹೋಗುವುದುಂಟು.

ಯಶವಂತಪುರದ ಎ.ಪಿ.ಎಂ.ಸಿ. ಅಂಗಳದ ಅಕ್ಕಿ ಮಂಡಿಗಳ ಮುಂದೆ ನಡೆದುಹೋದರೆ, ನಾಡಿನ ಗದ್ದೆಗಳೆಲ್ಲ ಮೂಟೆ ಕಟ್ಟಿಕೊಂಡು ಬಂದು ಕುಳಿತಂತೆ ತೋರುತ್ತದೆ. ತುಂಗಭದ್ರೆಯ ಕಾಲುವೆ ಬಯಲಿನ ಸೋನಾ ಮಸೂರಿ, ಹೊಳೆನರಸೀಪುರದ ಕಡೆಯ ಕೆಂಪು ರಾಜಮುಡಿ, ಕರಾವಳಿಯವರು ಕೇಳಿ ಒಯ್ಯುವ ಕುಚ್ಚಲಕ್ಕಿ, ಉತ್ತರದ ಬಾಸುಮತಿ. ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳಲ್ಲಿ ಈ ನಾಲ್ಕು ಬಗೆಯನ್ನೂ ಉಣ್ಣುವ ಸಂಸಾರಗಳು ಒಂದೇ ಬೀದಿಯಲ್ಲಿ ವಾಸಿಸುತ್ತವೆ. ನೆರೆಮನೆಯ ಅಳತೆ ನಮ್ಮ ಮನೆಯ ಅಕ್ಕಿಗೆ ಹೊಂದದಿರುವುದು ಸಹಜವೇ.

ಮೊದಲು ತೊಳೆಯುವ ವಿಚಾರ. ನೀರು ತಿಳಿಯಾಗುವ ತನಕ ಐದಾರು ಸಲ ಉಜ್ಜಿ ತೊಳೆದರಲ್ಲದೆ ಅಕ್ಕಿ ಶುದ್ಧವಾಗದೆಂದು ನಂಬಿದವರು ಬಹಳ ಮಂದಿ. ಗಿರಣಿಯಲ್ಲಿ ತೌಡು ತೆಗೆದ ಬಿಳಿಯ ಅಕ್ಕಿಯಲ್ಲಿ ಉಳಿದಿರುವ ‘ಬಿ’ ಜೀವಸತ್ತ್ವವೇ ಅಲ್ಪ. ಅದೂ ನೀರಿನಲ್ಲಿ ಕರಗುವಂಥದು. ಉಜ್ಜಿದಷ್ಟೂ ಅದು ಕಲಗಚ್ಚಿನೊಡನೆ ಬಚ್ಚಲು ಸೇರುತ್ತದೆ. ಇದರ ಬೆಲೆ ಲೋಕಕ್ಕೆ ತಿಳಿಯತೊಡಗಿದ್ದು ೧೮೯೦ರ ದಶಕದಲ್ಲಿ. ಬರಿಯ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡಿರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಜಾವಾ ದ್ವೀಪದಲ್ಲಿ ಕಂಡರು. ಬೆರಿಬೆರಿ ರೋಗದ ಗುಟ್ಟಿನ ಎಳೆ ದೊರೆತದ್ದು ಅಲ್ಲಿಂದ. ೧೯೨೯ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಂದಿತು. ಆದುದರಿಂದ ಕಲ್ಲು, ಹುಳು ಆರಿಸಿ, ಧೂಳು ಹೋಗುವಂತೆ ಎರಡು ಸಲ ಮೃದುವಾಗಿ ತೊಳೆದರೆ ಸಾಕು. ಆ ಕಲಗಚ್ಚನ್ನೂ ಚೆಲ್ಲದೆ ಗಿಡಗಳಿಗೆ ಹಾಕಬಹುದು. ನೆನೆಸುವುದಿದ್ದರೆ ತೊಳೆದ ಮೇಲೆ ನೆನೆಸಿ, ನೆನೆದ ನೀರಿನಲ್ಲಿಯೇ ಬೇಯಿಸುವುದು ಲೇಸು.

ಕುಚ್ಚಲಕ್ಕಿಯ ಜಾಣ್ಮೆ ಬೇರೆ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಗಿರಣಿಗೆ ಹಾಕುತ್ತಾರೆ. ಆಗ ತೌಡಿನ ಸತ್ತ್ವದ ಒಂದಂಶ ಕಾಳಿನೊಳಕ್ಕೆ ಇಳಿಯುವುದರಿಂದ ತೊಳೆದಾಗ ನಷ್ಟ ಕಡಿಮೆ. ಇದಕ್ಕೆ ಪಾವಿಗೆ ಆರು ಪಾವಿನಷ್ಟು ನೀರೂ, ಮುಕ್ಕಾಲು ಗಂಟೆಯಷ್ಟು ತಾಳ್ಮೆಯೂ ಬೇಕು. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಬೆರೆಸಿದರೆ ಒಳ್ಳೆಯ ಪಾನೀಯ. ರಾಜಮುಡಿಯನ್ನು ಅರ್ಧದಿಂದ ಒಂದು ಗಂಟೆ ನೆನೆಸಿ, ಪಾವಿಗೆ ಮೂರು ಪಾವು ನೀರಿಡಬೇಕು. ಬಾಸುಮತಿಗೆ ಅರ್ಧ ಗಂಟೆ ನೆನೆದ ಮೇಲೆ ಒಂದೂವರೆ ಪಾವು ಸಾಕು; ಉಜ್ಜಿದರೆ ಕಾಳು ಮುರಿಯುತ್ತದೆ.

ಸೋನಾ ಮಸೂರಿಯಲ್ಲಿ ಹಳೆಯದು, ಹೊಸದು ಎಂಬ ಭೇದವನ್ನು ಮರೆಯಬಾರದು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಹಳೆಯದು ಹೆಚ್ಚು ನೀರು ಕುಡಿದು ಅರಳುತ್ತದೆ. ಅಜ್ಜಿಯರು ಬಲ್ಲ ಈ ಸಂಗತಿಯನ್ನು ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿ. ಸುಬ್ರಹ್ಮಣ್ಯನ್, ಎಚ್.ಎಸ್.ಆರ್. ದೇಶಿಕಾಚಾರ್ ಮೊದಲಾದವರು ಅದೇ ದಶಕದಲ್ಲಿ ಪ್ರಯೋಗಗಳಿಂದ ಪರೀಕ್ಷಿಸಿದರು. ಹೊಸದಕ್ಕೆ ಎರಡು ಪಾವು, ಹಳೆಯದಕ್ಕೆ ಎರಡೂವರೆಯಿಂದ ಮೂರು ಪಾವು ನೀರೆಂದು ಆರಂಭಿಸಿ, ಮೂಟೆ ಬದಲಾದಾಗಲೆಲ್ಲ ಒಮ್ಮೆ ಸ್ವಲ್ಪವೇ ಬೇಯಿಸಿ ನೋಡುವುದು ವಿವೇಕ.

ಮಂಗಳೂರಿನಿಂದ ಇಲ್ಲಿಗೆ ಬಂದವರು ಇನ್ನೊಂದನ್ನು ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಇಲ್ಲಿ ನೀರು ೯೭ ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಆದಕಾರಣ ತೆರೆದ ಪಾತ್ರೆಯಲ್ಲಿ ಅನ್ನವಾಗಲು ಊರಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಕುಕ್ಕರಿನೊಳಗೆ ಶಾಖ ೧೨೦ ಡಿಗ್ರಿಯ ಸಮೀಪಕ್ಕೇರುವುದರಿಂದ ಅಲ್ಲಿ ಈ ತೊಡಕು ಕಾಣದು.

ಕಡೆಯದಾಗಿ, ಹಲವು ಮನೆಗಳನ್ನು ಕಳವಳಕ್ಕೀಡುಮಾಡಿದ ಸಂಗತಿ. ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ತೊಳೆಯುವಾಗ ಬಣ್ಣ ತುಸು ಬೇರೆಯಾದ, ಕೆಲವೊಮ್ಮೆ ತೇಲುವ ಕಾಳುಗಳನ್ನು ಕಂಡು, ‘ಇದು ಪ್ಲಾಸ್ಟಿಕ್ ಅಕ್ಕಿ’ ಎಂದು ಹೆದರಿ ಎಸೆದವರುಂಟು. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿಯ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ‘ಬಿ೧೨’ ಜೀವಸತ್ತ್ವಗಳನ್ನು ಸೇರಿಸಿ, ಕಾಳಿನ ಆಕಾರಕ್ಕೆ ಒತ್ತಿ ತೆಗೆದವು. ಸಾಮಾನ್ಯ ಅಕ್ಕಿಯ ನೂರು ಪಾಲಿಗೆ ಒಂದು ಪಾಲಿನಂತೆ ಬೆರೆಸುವಂಥವು. ಇಂಥ ಸಾರವರ್ಧಿತ ಅಕ್ಕಿಯನ್ನು ಪಡಿತರದಲ್ಲಿ ೨೦೨೪ರೊಳಗೆ ದೇಶದಾದ್ಯಂತ ವಿತರಿಸುವುದಾಗಿ ಕೇಂದ್ರ ಸರ್ಕಾರ ೨೦೨೧ರಲ್ಲಿ ಪ್ರಕಟಿಸಿತು. ರಕ್ತಹೀನತೆಯಿಂದ ಬಳಲುವ ತಾಯಂದಿರಿಗೂ ಮಕ್ಕಳಿಗೂ ಎಂದು ಬೆರೆಸಿದ ಕಾಳನ್ನೇ ಆರಿಸಿ ಬಿಸುಟರೆ, ಬೆರೆಸಿದ ಉದ್ದೇಶವೇ ವ್ಯರ್ಥ. ಮನೆಗೆಲಸಕ್ಕೆ ಬರುವಾಕೆ ಈ ಭಯವನ್ನು ಹೇಳಿಕೊಂಡರೆ, ಓದಿ ತಿಳಿದವರು ನಿಜ ಸಂಗತಿಯನ್ನು ವಿವರಿಸುವುದು ಒಳ್ಳೆಯದು, ಹೆದರಿಸುವವರಿಗೇನೂ ಕೊರತೆಯಿಲ್ಲ.

ಎರಡು ತೊಳೆತ, ಅಕ್ಕಿಗೆ ತಕ್ಕ ನೀರು, ಚೆಲ್ಲದ ಗಂಜಿ. ಇಷ್ಟನ್ನು ಪಾಲಿಸಲು ಕಾಸಿನ ಖರ್ಚಿಲ್ಲ. ಮನೆಮಂದಿಯ ತಟ್ಟೆಗೆ ಸಲ್ಲಬೇಕಾದ ಸತ್ತ್ವ ತಟ್ಟೆಯಲ್ಲಿಯೇ ಉಳಿಯುತ್ತದೆ.